ನಡುಮನೆಯ ವಾಲ್ವಿಗೆ ಹೊಸ ತಲೆ

ಹದಿನೇಳು ವರ್ಷದಿಂದ ನಾನು ಈ ಊರಿನ ರೇಡಿಯೇಟರುಗಳಿಗೆ ಹೊಸ ತಲೆ ಕೂರಿಸುತ್ತಿದ್ದೇನೆ. ಅದರಲ್ಲಿ ಹದಿನಾರು ವರ್ಷ ಯಾರ ಮನೆಯಲ್ಲೂ ಒಂದು ಲೋಟ ಕಾಫಿ ಕುಡಿದವನಲ್ಲ. ಜನ ಕೆಟ್ಟವರು ಅಂತಲ್ಲ. ನಾನು ಬಾಗಿಲು ತಟ್ಟುವ ಹೊತ್ತಿಗೆ ಆ ಮನೆಯಲ್ಲಿ ಯಾರೋ ತೀರಿಕೊಂಡು ಹನ್ನೆರಡು ದಿನ ಕಳೆದಿರುತ್ತದೆ. ಅಳು ಮುಗಿದು, ನೆಂಟರು ಹೊರಟು, ಮನೆಯೊಳಗೆ ಚಳಿ ಕೂತಿರುತ್ತದೆ. ಅಂಥ ಹೊತ್ತಿನಲ್ಲಿ ಚೀಲ ಹೆಗಲಿಗೆ ಹಾಕಿಕೊಂಡು ಬಂದವನ ಮುಖ ಯಾರಿಗೆ ತಾನೇ ಬೇಕು? ಬೀದಿಯಲ್ಲಿ ನಾನು ಎದುರಾದರೆ ಮಕ್ಕಳನ್ನು ಸೆರಗಿನ ಮರೆಗೆ ಎಳೆದುಕೊಳ್ಳುವ ತಾಯಂದಿರಿದ್ದಾರೆ. ನಾನೇನು ಯಮನ ಗುಮಾಸ್ತನೇ? ಆದರೂ ಅವರ ಮನಸ್ಸಿಗೆ ಹಾಗೆ ತೋರುತ್ತದೆ, ಏನು ಮಾಡಲಿ.

ನಮ್ಮದು ಎರಡು ಗುಡ್ಡಗಳ ನಡುವೆ ಹೂತುಕೊಂಡ ಊರು. ಬಿಸಿಲು ಹನ್ನೊಂದಕ್ಕೆ ಬಂದು ಒಂದು ಗಂಟೆಗೆ ಹೋಗುತ್ತದೆ, ಚಳಿಗಾಲದಲ್ಲಿ ಅದೂ ಇಲ್ಲ. ಊರ ಮೇಲ್ಗಡೆ ಇರುವ ಬಾಯ್ಲರ್ ಮನೆಯಿಂದ ಕೊಳವೆಗಳಲ್ಲಿ ಬಿಸಿನೀರು ಇಳಿದು ಮನೆಮನೆಯ ಕಿಟಕಿಯ ಕೆಳಗಿನ ರೇಡಿಯೇಟರಿಗೆ ಹೋಗುತ್ತದೆ. ರೇಡಿಯೇಟರಿನ ಪಕ್ಕದಲ್ಲಿ ವಾಲ್ವು, ವಾಲ್ವಿನ ಮೇಲೆ ಮುಷ್ಟಿಗಾತ್ರದ ಬಿಳಿ ತಲೆ, ತಲೆಯ ಸುತ್ತ ಒಂದರಿಂದ ಐದರವರೆಗೆ ಅಂಕಿ. ಒಂದಕ್ಕೆ ಇಟ್ಟರೆ ಕೋಣೆ ಸರಿಯಾಗಿ ಬೆಚ್ಚಗಾಗುವ ಮೊದಲೇ ನೀರು ನಿಲ್ಲುತ್ತದೆ. ಐದಕ್ಕೆ ಇಟ್ಟರೆ ಹೊದ್ದ ಶಾಲು ತಾನಾಗಿ ಜಾರುತ್ತದೆ. ಹೊಸ ತಲೆಯನ್ನು ಮೊದಲು ಯಾರ ಬರಿಗೈ ತಿರುಗಿಸುತ್ತದೋ ಅದು ಅವರದು. ಆಮೇಲೆ ಬೇರೆ ಯಾರು ಇಕ್ಕಳ ಹಾಕಿ ಎಳೆದರೂ ಕೂದಲೆಳೆಯಷ್ಟೂ ಅಲುಗುವುದಿಲ್ಲ. ಆ ಮನುಷ್ಯ ಸತ್ತ ದಿನ ತಲೆ ಸಡಿಲವಾಗಿ ಸುಮ್ಮನೆ ಗಿರಗಿರ ತಿರುಗುತ್ತದೆ, ಒಳಗಿನ ಪಿನ್ನು ಕೆಳಗೇ ಕಚ್ಚಿಕೊಂಡು ರೇಡಿಯೇಟರು ತಣ್ಣಗಾಗುತ್ತದೆ. ಸೂತಕ ಕಳೆದ ಮೇಲೆ ನನಗೆ ಹೇಳಿಕಳಿಸುತ್ತಾರೆ.

ಊರು ಇದಕ್ಕೆ ಹೊಂದಿಕೊಂಡಿದೆ. ಸೇರು ಒದ್ದು ಒಳಗೆ ಬಂದ ಹೊಸ ಸೊಸೆಯನ್ನು ದೇವರ ಮುಂದೆ ಕೂರಿಸುವುದಕ್ಕೂ ಮೊದಲು ರೇಡಿಯೇಟರಿನ ಮುಂದೆ ಕೂರಿಸಿ ಹೊಸ ತಲೆ ತಿರುಗಿಸುತ್ತಾರೆ. ಶಾಲೆಯ ತಲೆ ಹೆಡ್ ಮಾಸ್ತರದು, ಅವರು ರಜೆ ಹಾಕಿದ ದಿನ ಬಿಸಿ ಏರಿಸುವವರಿಲ್ಲದೆ ಮಕ್ಕಳು ಕಂಬಳಿ ಹೊದ್ದುಕೊಂಡೇ ಮಗ್ಗಿ ಹೇಳುತ್ತವೆ. ಮೇಲ್ಬೀದಿಯ ಚೌಡಮ್ಮನವರ ಮನೆಯ ಆರು ತಲೆಗಳೂ ಚೌಡಮ್ಮನವರವೇ. ಸೊಸೆಯ ಜೊತೆ ಮಾತಿಗೆ ಮಾತು ಬೆಳೆಯಿತೋ, ಆರನ್ನೂ ಒಂದಕ್ಕೆ ಇಳಿಸಿ ಎದುರುಬೀದಿಯ ಮಗಳ ಮನೆಗೆ ಹೊರಟುಬಿಡುತ್ತಾರೆ. ಸಂಜೆಯೊಳಗೆ ಮಗ ನಡುಗುತ್ತಾ ಹೋಗಿ ತಾಯಿಯ ಕಾಲು ಹಿಡಿಯುತ್ತಾನೆ. ಬಿಸಿ ಯಾರ ಕೈಯಲ್ಲಿದೆಯೋ ಮನೆ ಅವರ ಕೈಯಲ್ಲಿ.

ಕೆಲಸವೇನೂ ಕಷ್ಟದ್ದಲ್ಲ. ಹಳೆಯ ತಲೆಯ ಬುಡದಲ್ಲಿ ಒಂದು ಬಳೆ ಇರುತ್ತದೆ, ಅದನ್ನು ಬಿಚ್ಚಿದರೆ ತಲೆ ಕೈಗೆ ಬರುತ್ತದೆ. ವಾಲ್ವಿನ ನಡುವೆ ನಿಂತ ಪಿನ್ನನ್ನು ಒತ್ತಿ ನೋಡಬೇಕು. ಒತ್ತಿದರೆ ಒಳಗೆ ಹೋಗಿ, ಬಿಟ್ಟರೆ ಮೇಲೆ ಬಂದರೆ ಸರಿ. ಕಚ್ಚಿಕೊಂಡಿದ್ದರೆ ಒಂದು ತೊಟ್ಟು ಎಣ್ಣೆ ಬಿಟ್ಟು, ಪಾನಾದ ಹಿಡಿಯಿಂದ ಮೆಲ್ಲಗೆ ತಟ್ಟಿ ಎಬ್ಬಿಸಬೇಕು. ಆಮೇಲೆ ಹೊಸ ತಲೆಯನ್ನು, ಅದು ಐದರಲ್ಲೇ ನಿಂತು ಬಂದಿರುತ್ತದೆ, ಮೇಲಿಟ್ಟು ಬಳೆ ಬಿಗಿಯಬೇಕು. ಇಷ್ಟನ್ನೂ ಕುರಿಚರ್ಮದ ಕೈಗವಸು ಹಾಕಿಕೊಂಡೇ ಮಾಡಬೇಕು. "ಕೈಗವಸು ಬಿಚ್ಚಿದ್ಯೋ, ಕೆಟ್ಟೆ ಅಂತ್ಲೇ ತಿಳ್ಕೊ," ಎಂದು ಬಾಯ್ಲರ್ ಮನೆಯ ಮೇಸ್ತ್ರಿ ಹಾಲಪ್ಪನವರು ನನಗೆ ಮೊದಲ ದಿನವೇ ಹೇಳಿದ್ದರು. ಬಳೆ ಬಿಗಿದ ಮೇಲೆ ಎದ್ದು ಹಿಂದೆ ಸರಿದು "ತಿರುಗಿಸಿ" ಎನ್ನಬೇಕು. ಮನೆಯವರು ತಿರುಗಿಸುವಾಗ ನಾನು ಗೋಡೆಯ ಕಡೆ ನೋಡುತ್ತೇನೆ. ಸತ್ತವರ ನೆನಪಾಗಿ ಎಷ್ಟೋ ಜನ ಆಗಲೇ ಅಳುವುದು.

ನಾನಿರುವುದು ಬಾಯ್ಲರ್ ಮನೆಯ ಹಿಂದಿನ ಒಂಟಿ ಕೋಣೆಯಲ್ಲಿ. ಅಲ್ಲಿ ಗೋಡೆಯೇ ಸದಾ ಬಿಸಿ, ರೇಡಿಯೇಟರು ಬೇಕಿಲ್ಲ. ಮದುವೆ ಆಗಲಿಲ್ಲ. ಮೂರು ಕಡೆ ಮಾತುಕತೆ ನಡೆದಿತ್ತು, ನನ್ನ ಕೆಲಸ ಏನೆಂದು ಗೊತ್ತಾದ ಮೇಲೆ ಮೂರು ಕಡೆಯವರೂ ಮೂಗು ಮುರಿದರು. ಹೀಗಾಗಿ ನೂರಾರು ತಲೆ ಕೂರಿಸಿದ ನನಗೆ ಸ್ವಂತದ್ದು ಅಂತ ಒಂದು ತಲೆ ಇರಲಿಲ್ಲ. ನಾನು ಸತ್ತರೆ ಈ ಊರಿನಲ್ಲಿ ಒಂದು ರೇಡಿಯೇಟರೂ ತಣ್ಣಗಾಗುವುದಿಲ್ಲವಲ್ಲ ಎಂಬ ಯೋಚನೆ ಆಗಾಗ ಬರುತ್ತಿತ್ತು. ಬಂದಾಗ ಎದ್ದು ಪಾತ್ರೆ ತೊಳೆಯುತ್ತಿದ್ದೆ.

ಹೋದ ಕಾರ್ತಿಕದಲ್ಲಿ ಕೆಳಬೀದಿಯ ಹಪ್ಪಳದ ಅಕ್ಕತಂಗಿಯರಲ್ಲಿ ಅಕ್ಕ ದಾಕ್ಷಾಯಣಿ ತೀರಿಕೊಂಡರು. ಅವರು ವಿಧವೆ, ಒಬ್ಬಳೇ ಮಗಳು ಶಾಂಭವಿಯನ್ನು ಘಾಟಿಯಾಚೆ ಮದುವೆ ಮಾಡಿ ಕೊಟ್ಟಿದ್ದರು. ತಂಗಿ ರುದ್ರಾಂಬ ಮದುವೆಯಾದವರಲ್ಲ, ಐವತ್ತರ ಮೇಲಿನ ವಯಸ್ಸು, ಎತ್ತರದ ಆಳು, ಮಾತು ಸ್ವಲ್ಪ ಖಾರ. ಬಿಸಿಲಿಲ್ಲದ ಊರಿನಲ್ಲಿ ಹಪ್ಪಳ ಒಣಗಬೇಕಾದರೆ ರೇಡಿಯೇಟರಿನ ಮುಂದೆಯೇ ಒಣಗಬೇಕು. ಅವರ ಮನೆಯಲ್ಲಿ ಇದ್ದದ್ದು ಒಂದು ಪುಟ್ಟ ಅಡಿಗೆಮನೆ, ಒಂದು ದೊಡ್ಡ ನಡುಮನೆ. ನಡುಮನೆಯಲ್ಲಿ ಆಳುದ್ದದ ರೇಡಿಯೇಟರು, ಅದರ ಮುಂದೆ ಬಿದಿರಿನ ಅಡ್ಡೆಗಳ ಮೇಲೆ ಹಾಸಿದ ಬಿಳಿಪಂಚೆ, ಪಂಚೆಯ ತುಂಬ ಹಪ್ಪಳ. ಮನೆಯ ಎರಡು ತಲೆಗಳೂ ಅಕ್ಕನವೇ ಆಗಿದ್ದವು.

ಹನ್ನೆರಡನೆಯ ದಿನ ಹೋದೆ. ಅಡಿಗೆಮನೆಯ ತಲೆ ಬದಲಾಯಿಸಿದೆ, ರುದ್ರಾಂಬನವರು ತಿರುಗಿಸಿದರು. ಅಳಲಿಲ್ಲ. ನಡುಮನೆಗೆ ಬಂದು ಅಲ್ಲಿಯದನ್ನೂ ಬಿಚ್ಚಿ, ಪಿನ್ನು ಎಬ್ಬಿಸಿ, ಹೊಸದನ್ನು ಕೂರಿಸಿ ಬಳೆ ಬಿಗಿದೆ. "ತಿರುಗಿಸಿ" ಎನ್ನಬೇಕು ಅನ್ನುವಷ್ಟರಲ್ಲಿ ಅವರು, "ಒಂದ್ನಿಮಿಷ ತಾಳಿ," ಎಂದು ಒಳಗೆ ಹೋದರು. ಎಣ್ಣೆ ಚುರ್ ಎಂದ ಸದ್ದು ಕೇಳಿಸಿತು. ತಟ್ಟೆಯಲ್ಲಿ ಎರಡು ಹಪ್ಪಳ ಕರಿದು ತಂದು ನನ್ನ ಮುಂದೆ ಹಿಡಿದರು.

"ಅಕ್ಕ ಕಲಸಿದ ಕೊನೇ ಹಿಟ್ಟಿನದು. ತಿನ್ನಿ."

ಕೈಗವಸಿನಲ್ಲಿ ತಿಂದರೆ ಚರ್ಮಕ್ಕೆ ಎಣ್ಣೆಯಾಗುತ್ತದೆ, ಅದಕ್ಕಿಂತ ಹೆಚ್ಚಾಗಿ, ಕೊಟ್ಟವರಿಗೆ ಅವಮಾನ. ಬಲಗೈಯದನ್ನು ಬಿಚ್ಚಿ ಕಂಕುಳಲ್ಲಿ ಸಿಕ್ಕಿಸಿಕೊಂಡೆ. ಜೀರಿಗೆ, ಇಂಗು, ಮೆಣಸು. ಎರಡನೆಯದನ್ನು ಮುರಿಯುವಾಗ ನನ್ನ ಕಣ್ಣು ಒದ್ದೆಯಾಗಿತ್ತು, ಅದನ್ನು ಅವರು ನೋಡಬಾರದೆಂದು ಕಿಟಕಿಯ ಕಡೆ ತಿರುಗಿಕೊಂಡೆ. ಅಷ್ಟರಲ್ಲಿ ರುದ್ರಾಂಬನವರು ರೇಡಿಯೇಟರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, "ಒಳಗಡೇದು ಸಲೀಸಾಗಿ ತಿರುಗ್ತು. ಇದು ಬೇರೆ ಥರ ಕಾಣತ್ತಲ್ಲ, ಯಾವ ಕಡೆಗೆ ತಿರುಗಿಸ್ಬೇಕು?" ಎಂದರು.

"ಹೀಗೆ ಅಮ್ಮಾ," ಎಂದು ನಾನು ಬಗ್ಗಿ ತಿರುಗಿಸಿ ತೋರಿಸಿದೆ.

ತಲೆ ಐದರಿಂದ ನಾಲ್ಕಕ್ಕೆ ಬಂದು ಟಕ್ಕೆಂದಿತು. ಇಬ್ಬರೂ ನನ್ನ ಎಣ್ಣೆಗೈಯನ್ನೇ ನೋಡಿದೆವು. ರುದ್ರಾಂಬನವರು ಎರಡೂ ಕೈಯಿಂದ ತಲೆಯನ್ನು ಹಿಡಿದು ತಿರುಚಿದರು, ಸೆರಗು ಸುತ್ತಿ ತಿರುಚಿದರು, ಕೊನೆಗೆ ಅದಕ್ಕೊಂದು ಏಟು ಕೊಟ್ಟರು.

"ಅಯ್ಯೋ, ನಿಮ್ಮ ಕೈಗೆ ಬೆಂಕಿ ಬೀಳ! ಹಪ್ಪಳ ಕೊಟ್ಟಿದ್ದೇ ತಪ್ಪಾಯ್ತಾ?"

ಹಾಲಪ್ಪನವರು ತಲೆ ತಲೆ ಚಚ್ಚಿಕೊಂಡರು. ತಲೆಗಳು ಬರುವುದು ಘಾಟಿಯಾಚೆಯಿಂದ, ಲಾರಿಯಲ್ಲಿ, ವರ್ಷಕ್ಕೆ ಎರಡೇ ಸಲ. ಘಾಟಿ ಆ ವಾರವೇ ಮುಚ್ಚಿತ್ತು, ಇನ್ನು ತೆರೆಯುವುದು ಯುಗಾದಿಯ ಹೊತ್ತಿಗೆ. ಉಗ್ರಾಣದಲ್ಲಿ ಇದ್ದವೆಲ್ಲ ಚಳಿಗಾಲದಲ್ಲಿ ಸಾಯುವವರಿಗೆಂದು ಎತ್ತಿಟ್ಟವು. "ಸತ್ತೋರ ಮನೆಗೆ ಕೊಡ್ಲಾ, ನಿನ್ನ ನಾಲಿಗೆ ಚಪಲಕ್ಕೆ ಕೊಡ್ಲಾ?" ಎಂದರು. ಇಂಥದ್ದಕ್ಕೆ ಊರಿನಲ್ಲಿ ಹಿಂದಿನಿಂದ ಬಂದ ಕಟ್ಟಳೆ ಒಂದಿದೆ. ತಪ್ಪಿ ತಿರುಗಿಸಿದ ಕೆಲಸದವನು ಹೊಸ ತಲೆ ಬರುವ ತನಕ ಆ ಮನೆಯವರು ಹೇಳಿದ ಹೊತ್ತಿಗೆ ಹೋಗಿ ತಿರುಗಿಸಿಕೊಟ್ಟು ಬರಬೇಕು.

ರುದ್ರಾಂಬನವರು ಹೇಳಿದ ಹೊತ್ತು ಬೆಳಿಗ್ಗೆ ಹತ್ತು, ಸಂಜೆ ಐದು. ಲಟ್ಟಿಸುವಾಗ ಕೋಣೆ ತಣ್ಣಗಿರಬೇಕು, ಇಲ್ಲದಿದ್ದರೆ ಉಂಡೆಗಳ ಮೇಲೆ ಒಣ ಹಕ್ಕಳೆ ಕಟ್ಟುತ್ತದೆ. ಹತ್ತಕ್ಕೆ ಹರವಿದ ಮೇಲೆ ತಲೆಯನ್ನು ಐದರ ಅಂಕಿಗೆ ಏರಿಸಬೇಕು. ಸಂಜೆ ಎರಡರ ಅಂಕಿಗೆ ಇಳಿಸಬೇಕು, ಇಲ್ಲದಿದ್ದರೆ ಹಪ್ಪಳ ಅತಿಯಾಗಿ ಒಣಗಿ ಕೈ ಇಟ್ಟಲ್ಲಿ ಮುರಿಯುತ್ತದೆ. ಮೊದಲ ವಾರ ಅವರು ಬಾಗಿಲು ತೆರೆದು ಮುಖ ಗಂಟು ಹಾಕಿಕೊಂಡು ನಿಲ್ಲುತ್ತಿದ್ದರು. ನಾನು ತಲೆ ತಗ್ಗಿಸಿಕೊಂಡು ಹೋಗಿ, ತಿರುಗಿಸಿ, ತಲೆ ತಗ್ಗಿಸಿಕೊಂಡೇ ಬರುತ್ತಿದ್ದೆ. ಆದರೆ ನಿಜ ಹೇಳಿಬಿಡುತ್ತೇನೆ. ಆ ತಲೆಯ ಮೇಲೆ ಕೈಯಿಟ್ಟಾಗ ಅದು ಅನುಮಾನವೇ ಇಲ್ಲದೆ ತಿರುಗುತ್ತಿತ್ತಲ್ಲ, ಕೊಳವೆಯಲ್ಲಿ ನೀರು ಗುಳುಗುಳು ಓಡುತ್ತಿತ್ತಲ್ಲ, ನನಗೆ ಎಂಥ ಸಂತೋಷವಾಗುತ್ತಿತ್ತೆಂದರೆ ನಾಚಿಕೆಯಾಗಬೇಕು. ಊರಿಗೆ ಊರೇ ನನ್ನ ಕಂಡರೆ ಬಾಗಿಲು ಮುಂದೆ ಮಾಡುತ್ತದೆ, ಈ ಒಂದು ಬಿಳಿ ಗುಂಡಿಗೆ ನನ್ನ ಕೈ ಗೊತ್ತು.

ಎರಡನೆಯ ವಾರ ನಾನು ಹೋದಾಗ ಲಟ್ಟಿಸುವುದು ಇನ್ನೂ ಮುಗಿದಿರಲಿಲ್ಲ. ಮೊದಲು ಇಬ್ಬರು ಮಾಡುತ್ತಿದ್ದ ಕೆಲಸ, ಈಗ ಒಬ್ಬರೇ. ಬಾಗಿಲಲ್ಲಿ ನಿಂತೇ ಇದ್ದೆ.

"ಅಲ್ಲಿ ಕಂಬದ ಥರ ನಿಂತ್ರೆ ಹಪ್ಪಳ ಆಗತ್ತಾ? ಕೈ ತೊಳ್ಕೊಂಡು ಬನ್ನಿ," ಎಂದರು.

"ನಂಗೆ ಬರಲ್ಲಮ್ಮ."

"ತಿನ್ನೋಕ್ ಬರತ್ತಲ್ಲ. ಕೂತ್ಕೊಳ್ಳಿ."

ನನ್ನ ಮೊದಲ ಹಪ್ಪಳಗಳು ಒಂದೊಂದು ಒಂದೊಂದು ಆಕಾರ. ಅವನ್ನು ಎತ್ತಿ ಹಿಡಿದು, "ಇದು ಯಾವ ದೇಶದ ನಕಾಶೆ ಸಿದ್ದಯ್ಯನೋರೇ?" ಎಂದು ಕೇಳಿದರು. ನನ್ನ ಪೂರ್ತಿ ಹೆಸರು ಪುಟ್ಟಸಿದ್ದಯ್ಯ. ಹೆಸರು ಹಿಡಿದು ಕರೆಯುವವರು ಊರಲ್ಲಿ ಹಾಲಪ್ಪನವರೊಬ್ಬರೇ ಇದ್ದದ್ದು, ಅದೂ ಬೈಯುವುದಕ್ಕೆ. ಧನುರ್ಮಾಸ ಬರುವ ಹೊತ್ತಿಗೆ ನನ್ನ ಹಪ್ಪಳ ದುಂಡಗಾಯಿತು. ಹತ್ತಕ್ಕೆ ಹೋಗಬೇಕಾದವನು ಎಂಟೂವರೆಗೇ ಹೋಗತೊಡಗಿದೆ, ಅವರೂ ಯಾಕೆ ಇಷ್ಟು ಬೇಗ ಎಂದು ಕೇಳಲಿಲ್ಲ. ಅಕ್ಕನ ಸುದ್ದಿ ಹೇಳುತ್ತಿದ್ದರು, ಶಾಂಭವಿ ಚಿಕ್ಕವಳಿದ್ದಾಗ ಹಸಿಹಿಟ್ಟು ಕದ್ದು ತಿಂದು ಹೊಟ್ಟೆನೋವು ತಂದುಕೊಂಡದ್ದು ಹೇಳುತ್ತಿದ್ದರು. ನನಗೆ ಹೇಳುವುದಕ್ಕೆ ಹೆಚ್ಚೇನೂ ಇರಲಿಲ್ಲ. ಹೆಚ್ಚಿನ ದಿನ ಕೇಳಿಸಿಕೊಂಡೆ.

ಮಾಘದಲ್ಲಿ ನನಗೆ ಜ್ವರ ಬಂತು. ಮೂರು ದಿನ ಹಾಸಿಗೆಯಿಂದ ಏಳಲಾಗಲಿಲ್ಲ. ಮೂರನೆಯ ಮಧ್ಯಾಹ್ನ ಬಾಗಿಲು ದಢಾರನೆ ತೆರೆದುಕೊಂಡಿತು. ಗುಡ್ಡ ಹತ್ತಿ ಬಂದು ಏದುಸಿರು ಬಿಡುತ್ತಾ ರುದ್ರಾಂಬನವರು ನಿಂತಿದ್ದರು, ಕೈಯಲ್ಲಿ ಮುಚ್ಚಿದ ತಂಬಿಗೆ.

"ಹಿಟ್ಟು ಹುಳಿ ಬಂತು, ಹರವಿದ್ದೆಲ್ಲ ಬೂಷ್ಟು ಹಿಡೀತು. ಒಂದು ಮಾತು ಹೇಳಿಕಳಿಸಕ್ಕಾಗಲ್ವಾ?" ಎಂದು ಬೈಯುತ್ತಲೇ ತಂಬಿಗೆಯ ಗಂಜಿಯನ್ನು ಲೋಟಕ್ಕೆ ಬಗ್ಗಿಸಿದರು. ಆಮೇಲೆ ಕೋಣೆಯನ್ನು ಒಂದು ಸುತ್ತು ನೋಡಿದರು. ಒಂದು ಚಾಪೆ, ಒಂದು ತಟ್ಟೆ, ಒಂದು ಲೋಟ. ದನಿ ಇಳಿಯಿತು. "ಮೊನ್ನೆಯಿಂದ ಗಂಟೆಗೊಂದ್ಸಲ ಹೋಗಿ ಆ ತಲೆ ಮುಟ್ಟಿ ನೋಡ್ತಿದ್ದೆ. ಗಟ್ಟಿಯಾಗೇ ಇತ್ತು. ಸದ್ಯ, ಇದಾರೆ ಅಂದ್ಕೊಂಡೆ."

ಅವರು ಹೋದ ಮೇಲೆ ನಾನು ಗೋಡೆಯ ಕಡೆ ಮುಖ ಮಾಡಿ ಬಹಳ ಹೊತ್ತು ಅತ್ತೆ. ನಾನು ಇದ್ದೇನೋ ಇಲ್ಲವೋ ಎಂದು ಗಂಟೆಗೊಮ್ಮೆ ಮುಟ್ಟಿ ನೋಡುವವರು ಒಬ್ಬರು ಇದ್ದಾರೆ ಎಂಬುದನ್ನು ತಡೆದುಕೊಳ್ಳುವ ಶಕ್ತಿ ನನಗಿರಲಿಲ್ಲ.

ಯುಗಾದಿ ಕಳೆದ ಮೂರನೆಯ ದಿನ ಘಾಟಿ ತೆರೆದು ಲಾರಿ ಬಂತು. ಹಾಲಪ್ಪನವರು ಹುಲ್ಲು ಸುತ್ತಿದ ಪೆಟ್ಟಿಗೆಯಿಂದ ಮೊದಲ ತಲೆಯನ್ನೇ ತೆಗೆದು ನನ್ನ ಕೈಗಿಟ್ಟರು. "ತಗೋ, ನಿನ್ನ ಸೆರೆವಾಸ ಮುಗೀತು. ಇವತ್ತೇ ಹಾಕ್ಬಿಡು. ಹಳೇದನ್ನ ಇಲ್ಲಿ ತಂದು ಒಡೀಬೇಕು, ಮರೀಬೇಡ." ಬದುಕಿರುವವನ ತಲೆಯನ್ನು ಬಿಚ್ಚಿದರೆ ಅದನ್ನು ಅವನ ಕೈಯಿಂದಲೇ ಒಡೆಸಬೇಕು, ಅದೂ ಕಟ್ಟಳೆ. ಚೀಲಕ್ಕೆ ಹಾಕಿಕೊಂಡೆ. ಇಳಿಜಾರಿನ ಉದ್ದಕ್ಕೂ ಅದು ಸೊಂಟಕ್ಕೆ ಬಡಿಯುತ್ತಿತ್ತು. ಹಾಕಿದ ಮೇಲೆ ಹತ್ತು ಗಂಟೆಗೆ ನಾನು ಎಲ್ಲಿರಬೇಕು ಎಂಬುದು ನನಗೆ ಹೊಳೆಯಲಿಲ್ಲ.

ರುದ್ರಾಂಬನವರು ಮೊಣಕೈವರೆಗೆ ಹಿಟ್ಟು ಮಾಡಿಕೊಂಡು ಕೂತಿದ್ದರು. "ಲಾರಿ ಬಂತಂತಲ್ಲ. ತಲೆ ಬಂತಾ?"

"ಇಲ್ಲ," ಎಂದುಬಿಟ್ಟೆ. ಯೋಚಿಸಿ ಹೇಳಿದ್ದಲ್ಲ. ಬಾಯಿಂದ ಹೊರಬಿದ್ದ ಮೇಲೆ ಅದಕ್ಕೆ ಆಸರೆ ಕೊಟ್ಟೆ. "ಮುಂದಿನ ಲಾರಿಗಂತೆ."

"ಅಂದ್ರೆ, ಮತ್ತೆ ಘಾಟಿ ಮುಚ್ಚೋ ಹೊತ್ತಿಗೆ."

"ಹೂಂ."

ಅವರು ಕೈಯಲ್ಲಿದ್ದ ಉಂಡೆಯನ್ನು ಮಣೆಯ ಮೇಲಿಟ್ಟರು. ಆಮೇಲೆ ಎದ್ದು ಕೈ ತೊಳೆದು, ಒಳಗೆ ಹೋಗಿ ಒಂದು ಕಾಗದ ಬರೆದು ಅಂಟಿಸಿ ತಂದರು. "ಲಾರಿ ನಾಳೆ ವಾಪಸ್ ಹೋಗತ್ತಲ್ವಾ? ಡ್ರೈವರ್ ಕೈಗೆ ಕೊಟ್ಬಿಡಿ. ಶಾಂಭವಿಗೆ." ಕಾಗದವನ್ನೂ ಚೀಲಕ್ಕೆ ಹಾಕಿಕೊಂಡೆ. ಹೊಸ ತಲೆಯ ಪಕ್ಕದಲ್ಲೇ. ಸಂಜೆ ಡ್ರೈವರಿಗೆ ಕೊಟ್ಟೆ, ಜೋಪಾನ ಎಂದು ಎರಡೆರಡು ಸಲ ಹೇಳಿದೆ. ಆ ದಿನ ನಾನು ಸಿಳ್ಳೆ ಹಾಕುತ್ತಾ ಗುಡ್ಡ ಹತ್ತಿದೆ. ಇನ್ನೂ ಆರು ತಿಂಗಳು!

ಹಾಲಪ್ಪನವರು ಕೇಳಿದಾಗ ಪಿನ್ನು ಕಚ್ಚಿಕೊಂಡಿದೆ, ದಿನಾ ಎಣ್ಣೆ ಬಿಡುತ್ತಿದ್ದೇನೆ ಎಂದೆ. ಒಂದು ಸುಳ್ಳಿಗೆ ಇನ್ನೊಂದು ಕಾವಲು. ಹೀಗೆ ಮೂರು ವಾರ ಕಳೆಯಿತು. ಆ ಮೂರು ವಾರ ರುದ್ರಾಂಬನವರ ಬಾಯಲ್ಲಿ ಶಾಂಭವಿಯ ಸುದ್ದಿ ಬರಲಿಲ್ಲ, ಅದನ್ನು ನಾನು ಗಮನಿಸಲೂ ಇಲ್ಲ. ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ಇಬ್ಬರೂ ಎದುರುಬದುರು ಕೂತು ಲಟ್ಟಿಸುತ್ತಿದ್ದೆವು. ಅವರು ತಮ್ಮಷ್ಟಕ್ಕೆ ಎಂಬಂತೆ ಹೇಳಿದರು.

"ಇಷ್ಟೊತ್ತಿಗೆ ಅವಳು ಅತ್ತೆ ಮನೆಗೆ ಹೊರಟಿರ್ತಾಳೆ."

"ಯಾರು?"

"ಶಾಂಭವಿ. ಎಂಟು ತುಂಬ್ತು. ಹೆರಿಗೆಗೆ ಇಲ್ಲಿಗೇ ಬರ್ತೀನಿ ಚಿಕ್ಕಮ್ಮ, ಅಮ್ಮ ಇದ್ದ ನಡುಮನೇಲೇ ಬಾಣಂತನ ಮಾಡು ಅಂತ ಬರೆದಿದ್ಲು, ಅದೇ ಲಾರೀಲಿ ಕಾಗದ ಬಂದಿತ್ತು. ಬಿಸಿ ನಿನ್ನ ಕೈಗೆ ಬಂದಿದ್ರೆ ತಿಳಿಸು, ತಕ್ಷಣ ಹೊರಡ್ತೀನಿ ಅಂದಿದ್ಲು." ಉಂಡೆಯನ್ನು ಮಣೆಯ ಮೇಲಿಟ್ಟು ಅಂಗೈಯಿಂದ ಒತ್ತಿದರು. "ಕೈಗೂಸಿಗೆ ಹೊತ್ತಲ್ಲದ ಹೊತ್ತಲ್ಲಿ ಬಿಸಿ ಬೇಕಾಗತ್ತೆ. ಗಳಿಗೆಗೊಂದ್ಸಲ ನಿಮ್ಮನ್ನ ಕರೆಯೋಕೆ ಗುಡ್ಡ ಹತ್ತೋಕಾಗತ್ತಾ? ಬರ್ಬೇಡ, ಗಂಡ ಹೆಂಡ್ತಿ ಇಬ್ರೇ ಇರೋ ಮನೆ ಬಿಟ್ಟು ಅತ್ತೆ ಮನೆಗೆ ಹೋಗು ಅಂತ ಬರೆದೆ."

ನನ್ನ ಲಟ್ಟಣಿಗೆ ನಿಂತುಹೋಯಿತು.

"ಈಗ್ಲೂ ಕರೆಸ್ಬೋದಲ್ಲ," ಎಂದೆ.

"ಎಂಟು ತುಂಬಿದೋಳನ್ನ ಘಾಟಿ ಹತ್ತಿಸ್ತಾರಾ ಯಾರಾದ್ರೂ? ಹೋಗ್ಲಿ ಬಿಡಿ." ಮಣೆಯ ಮೇಲೆ ಹಿಟ್ಟು ಉದುರಿಸುತ್ತಾ ಹೇಳಿದರು, "ಈ ಮನೇಲಿ ಒಂದು ಮಗು ಅಳೋ ಸದ್ದು ಕೇಳ್ಬೇಕು ಅಂತ ಆಸೆ ಇತ್ತು. ಅಕ್ಕ ಹೋದ್ಮೇಲೆ ತುಂಬ ಬಿಕೋ ಅನ್ನತ್ತೆ."

ಎದ್ದು ಹೋಗಿ ಚೀಲದಿಂದ ತಲೆಯನ್ನು ತೆಗೆದು ತಂದು, ಹಿಟ್ಟಿನ ಮಣೆಯ ಪಕ್ಕದಲ್ಲಿ ಇಟ್ಟೆ. ಇನ್ನೂ ಹುಲ್ಲು ಅಂಟಿಕೊಂಡಿತ್ತು. ರುದ್ರಾಂಬನವರು ಅದನ್ನು ನೋಡಿದರು, ನನ್ನನ್ನು ನೋಡಿದರು.

"ಯಾವತ್ತು ಬಂತು?"

"ಆವತ್ತೇ."

"ನಾನು ಕಾಗದ ಕೊಟ್ಟ ದಿನ?"

"ಹೂಂ. ಚೀಲದಲ್ಲಿ ಎರಡೂ ಒಟ್ಟಿಗೇ ಇದ್ವು. ಕಾಗದದಲ್ಲಿ ಏನಿದೆ ಅಂತ ನಂಗೆ ಗೊತ್ತಿರ್ಲಿಲ್ಲ. ಗೊತ್ತಿದ್ರೆ..." ಗೊತ್ತಿದ್ದರೆ ಏನು ಮಾಡುತ್ತಿದ್ದೆ ಎಂದು ಆಣೆ ಮಾಡಿ ಹೇಳುವ ಧೈರ್ಯ ನನಗೆ ಈಗಲೂ ಇಲ್ಲ. ಅಲ್ಲಿಗೇ ನಿಲ್ಲಿಸಿದೆ.

"ಯಾಕೆ ಹೀಗ್ ಮಾಡಿದ್ರಿ?"

"ಇದು ಹಾಕಿದ್ಮೇಲೆ ನಾನು ಇಲ್ಲಿಗೆ ಬರೋ ಹಾಗಿಲ್ವಲ್ಲ, ಅದಕ್ಕೆ."

ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬಾಯಿಗೆ ಬಂದಂತೆ ಬೈಯುವುದರಲ್ಲಿ ಅವರನ್ನು ಮೀರಿಸುವವರು ಕೆಳಬೀದಿಯಲ್ಲೇ ಇಲ್ಲ. ಅವರು ಮಣೆಯನ್ನು ಪಕ್ಕಕ್ಕೆ ಸರಿಸಿ, "ಹಾಕಿ," ಎಂದರು, ಅಷ್ಟೇ.

ಬಳೆ ಸಲೀಸಾಗಿ ಬಿಚ್ಚಲೆಂದು ಬರಿಗೈಯಿಂದ ಹಳೆಯ ತಲೆಯನ್ನು ಐದಕ್ಕೆ ತಿರುಗಿಸಿದೆ. ಎಂದಿನಂತೆ ಒಡನೆಯೇ ತಿರುಗಿತು, ಪಾಪ, ಅದಕ್ಕೇನು ಗೊತ್ತು. ಕೈಗವಸು ಹಾಕಿಕೊಂಡೆ. ಬಳೆ ಬಿಚ್ಚಿದೆ, ತಲೆ ಕಳಚಿದೆ. ಪಿನ್ನು ಒತ್ತಿದೆ, ಚೆನ್ನಾಗಿ ಮೇಲೆ ಬಂತು. ಹೊಸದನ್ನು ಕೂರಿಸಿ ಬಳೆ ಬಿಗಿದು, ಎದ್ದು, ಎರಡು ಹೆಜ್ಜೆ ಹಿಂದೆ ಸರಿದು ಗೋಡೆಯ ಕಡೆ ನೋಡುತ್ತಾ "ತಿರುಗಿಸಿ" ಎಂದೆ. ರುದ್ರಾಂಬನವರು ಕೈ ತೊಳೆದು ಒರೆಸಿಕೊಂಡು ಬಂದು ಕೂತರು. ಟಕ್ಕೆಂದ ಸದ್ದಾಯಿತು. ಕೊಳವೆಯಲ್ಲಿ ನೀರು ಓಡಿತು. ಬಹಳ ಹೊತ್ತು ಅವರು ಏಳಲಿಲ್ಲ, ನಾನೂ ತಿರುಗಿ ನೋಡಲಿಲ್ಲ.

"ಬರ್ಲಾ ಅಂತ ಒಂದು ಮಾತು ಕೇಳಿದ್ರೆ ಸಾಕಿತ್ತು ಸಿದ್ದಯ್ಯನೋರೇ," ಎಂದರು ನನ್ನ ಬೆನ್ನಿಗೆ. "ತಲೆ ನಂದಾದ್ಮೇಲೂ ಬರ್ಲಾ ಅಂತ. ನಾನು ಬೇಡ ಅಂತಿದ್ನಾ?"

ಕರೆಯದ ಮನೆಗೆ ಬರಲೇ ಎಂದು ಮನುಷ್ಯ ಕೇಳಬಹುದು ಎಂಬುದು ಇಷ್ಟು ವರ್ಷದಲ್ಲಿ ನನಗೆ ಒಂದು ದಿನವೂ ತೋಚಿರಲಿಲ್ಲ. ಚೀಲ ಎತ್ತಿಕೊಂಡು ಹೊರಬಂದೆ.

ಬಾಯ್ಲರ್ ಮನೆಯ ಕಲ್ಲುಮೆಟ್ಟಿಲ ಮೇಲೆ ಹಳೆಯ ತಲೆಯನ್ನಿಟ್ಟು ಸುತ್ತಿಗೆಯಿಂದ ಹೊಡೆದೆ. ಹಾಲಪ್ಪನವರು ಪಕ್ಕದಲ್ಲಿ ನಿಂತಿದ್ದರು. ಎರಡನೆಯ ಏಟಿಗೆ ಒಡೆದು, ಬಿಸಿಗೆ ಹಿಗ್ಗಿ ಪಿನ್ನನ್ನು ಒತ್ತುವ ಒಳಗಿನ ಮೇಣ ಕಲ್ಲಿನ ಮೇಲೆ ಹರಿದು ಚಳಿಗೆ ಗಟ್ಟಿಯಾಯಿತು.

ಶಾಂಭವಿಗೆ ಹೆಣ್ಣುಮಗುವಾದ ಸುದ್ದಿ ಜ್ಯೇಷ್ಠದಲ್ಲಿ ಬಂತು. ಹಾಲಿನಂಗಡಿಯಲ್ಲಿ ಯಾರೋ ಮಾತಾಡುತ್ತಿದ್ದರು, ದೂರದಿಂದ ಕೇಳಿಸಿಕೊಂಡೆ. ಮಗುವನ್ನು ನೋಡಲು ರುದ್ರಾಂಬನವರು ಹೋಗಿ ನಾಲ್ಕು ದಿನ ಇದ್ದು ಬಂದರಂತೆ. ತಮ್ಮ ಮನೆಯಲ್ಲಿ ಎರಡು ತಿಂಗಳು ಎತ್ತಿ ಆಡಿಸಬೇಕಿದ್ದ ಮಗುವನ್ನು ಯಾರದೋ ಮನೆಯಲ್ಲಿ ನೆಂಟರ ಹಾಗೆ ನಾಲ್ಕು ದಿನ ನೋಡಿ ಬಂದರು. ಅದು ನನ್ನಿಂದ ಆದದ್ದು. ನನ್ನ ಒಂಟಿತನವನ್ನು ಹೊತ್ತು ಅವರ ಮನೆಯಲ್ಲಿ ಇಳಿಸಿ ಬಂದೆ.

ಹತ್ತು ಗಂಟೆಗೆ ಎಲ್ಲಿರಬೇಕು ಎಂಬುದು ಕಾಲಿಗೆ ಗೊತ್ತಿತ್ತು. ದಿನವೂ ಕೆಳಬೀದಿಯ ತಿರುವಿನವರೆಗೆ ಹೋಗುತ್ತಿದ್ದೆ. ಅಲ್ಲಿಂದ ಅವರ ನಡುಮನೆಯ ಕಿಟಕಿ ಕಾಣುತ್ತದೆ. ಗಾಜಿಗೆ ಹಬೆ ಕಟ್ಟಿದ್ದರೆ ಒಳಗೆ ಬಿಸಿಯಿದೆ, ಬಿಸಿಯಿದ್ದರೆ ಅವರಿದ್ದಾರೆ. ನೋಡಿಕೊಂಡು ಕೆಲಸಕ್ಕೆ ಹೋಗುತ್ತಿದ್ದೆ. ಒಂದು ಬೆಳಿಗ್ಗೆ, ಅದು ಆಷಾಢದ ಮಂಜು, ಗಾಜು ತಿಳಿಯಾಗಿ ಇದ್ದಂತೆ ಕಂಡಿತು. ಓಡಿಹೋಗಿ ಹತ್ತಿರದಿಂದ ನೋಡಿದರೆ ಹಬೆ ಇತ್ತು, ಮಂಜಿನಲ್ಲಿ ಕಂಡಿರಲಿಲ್ಲ ಅಷ್ಟೆ. ಬೀದಿಯಲ್ಲಿ ನಿಂತು ಏದುಸಿರು ಬಿಡುತ್ತಾ ಒಂದು ವಿಷಯ ಯೋಚಿಸಿದೆ. ನನ್ನಂಥವನು ಹೀಗೇ ಸುಮ್ಮನಿದ್ದರೆ ಆ ಮನೆಯ ಹೊಸಿಲನ್ನು ಇನ್ನು ದಾಟುವುದು ಒಂದೇ ಒಂದು ದಿನ. ರುದ್ರಾಂಬನವರು ಹೋದ ಹನ್ನೆರಡನೆಯ ದಿನ, ಕೈಗವಸು ಹಾಕಿಕೊಂಡು, ಚೀಲ ಹಿಡಿದುಕೊಂಡು.

ಚೀಲವನ್ನು ಬೀದಿಯ ಕಲ್ಲಿನ ಮೇಲೆ ಇಟ್ಟೆ. ಎರಡೂ ಕೈಗವಸು ಬಿಚ್ಚಿ ಅದರ ಮೇಲೆ ಇಟ್ಟೆ. ಹೋಗಿ ಬಾಗಿಲು ತಟ್ಟಿದೆ.

ರುದ್ರಾಂಬನವರು ಬಾಗಿಲು ತೆರೆದು, ಎಲ್ಲರ ಹಾಗೆ, ಮೊದಲು ನನ್ನ ಕೈ ನೋಡಿದರು. ಅವರ ಕೈಗೆ ಹಿಟ್ಟು ಮೆತ್ತಿತ್ತು. ಬೇಸಗೆ ಕಳೆಯುವಷ್ಟರಲ್ಲಿ ಸೊರಗಿದ್ದರು.

"ಇಲ್ಲಿ ಯಾರೂ ಸತ್ತಿಲ್ಲ," ಎಂದರು.

"ಗೊತ್ತು."

"ಮತ್ತೆ?"

ಚಳಿಗೆ ಬೆರಳು ಮರಗಟ್ಟಿದ್ದವು. ಐವತ್ತೆಂಟು ವರ್ಷದ ಗಂಡಸು, ಎರಡಕ್ಷರದ ಆ ಮಾತನ್ನು ಗಂಟಲಿನಿಂದ ಮೇಲೆ ತರುವುದಕ್ಕೆ ಪಟ್ಟ ಪಾಡು ಯಾವ ಕಚ್ಚಿಕೊಂಡ ಪಿನ್ನಿಗೂ ಪಟ್ಟಿರಲಿಲ್ಲ.

"ಬರ್ಲಾ?" ಎಂದೆ.

ಅವರು ನನ್ನನ್ನು ನೋಡಿದರು. ಒಳಗಿನಿಂದ ಇಂಗಿನ ವಾಸನೆ, ಬೆಚ್ಚನೆಯ ಗಾಳಿ ನನ್ನ ಮುಖಕ್ಕೆ ಬಡಿಯುತ್ತಿತ್ತು. ನಮ್ಮೂರಿನಲ್ಲಿ ಬಾಗಿಲನ್ನು ಅಷ್ಟು ಹೊತ್ತು ತೆರೆದಿಡುವವರಿಲ್ಲ, ಬಿಸಿಯೆಲ್ಲ ಬೀದಿಪಾಲಾಗುತ್ತದೆ.

"ಇವತ್ತು ಬೇಡ," ಎಂದರು ರುದ್ರಾಂಬ.

ಆಗಲಿ ಎಂದು ತಲೆಯಾಡಿಸಿ ಮೆಟ್ಟಿಲಿಳಿದೆ. ಚೀಲ ಎತ್ತಿಕೊಂಡೆ, ಕೈಗವಸುಗಳನ್ನು ಕೈಯಲ್ಲೇ ಹಿಡಿದುಕೊಂಡು ನಡೆದೆ. ಹಿಂದಿರುಗಿ ನೋಡಲು ಧೈರ್ಯವಾಗಲಿಲ್ಲ. ಆದರೆ ಕಿವಿ ಅಲ್ಲೇ ಇತ್ತು. ಬಾಗಿಲು ಮುಚ್ಚಿದ ಸದ್ದು ನಾನು ಬೀದಿಯ ತುದಿ ಮುಟ್ಟುವವರೆಗೂ ಕೇಳಿಸಲಿಲ್ಲ.